ರಾತ್ರಿಯ ಎರಡು ನಿಮಿಷ

ಹಲ್ಲುಜ್ಜದೆ ಕಾಫಿ ಮುಟ್ಟದ ಮನೆಗಳಲ್ಲೂ ರಾತ್ರಿ ಊಟವಾದ ಮೇಲೆ ಬ್ರಷ್ ಕೈಗೆ ಬರುವುದು ಅಪರೂಪ. ಹಲ್ಲು ಹುಳುಕಾಗುವುದಕ್ಕೆ ಹೆಚ್ಚು ಅವಕಾಶ ಸಿಗುವುದು ಮಾತ್ರ ಆ ರಾತ್ರಿಯಲ್ಲೇ. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನದ ಸಂದರ್ಭದಲ್ಲಿ, ಬ್ರಷ್ ಹಿಡಿಯುವ ಹೊತ್ತು ಮತ್ತು ಕ್ರಮದ ಬಗ್ಗೆ ಒಂದು ಅವಲೋಕನ.

ರಾತ್ರಿ ಹತ್ತೂವರೆಯ ಹೊತ್ತಿಗೆ ಮನೆಯ ದೀಪಗಳು ಒಂದೊಂದಾಗಿ ಆರುತ್ತವೆ. ಊಟದ ಕೊನೆಗೆ ತಿಂದ ಬಾಳೆಹಣ್ಣಿನ ಅಂಟು, ಮಲಗುವ ಮುನ್ನ ಕುಡಿದ ಸಕ್ಕರೆ ಹಾಲಿನ ಪಸೆ, ದವಡೆ ಹಲ್ಲಿನ ಸೀಳಿನಲ್ಲಿ ಸಿಕ್ಕಿಕೊಂಡ ಅನ್ನದ ಒಂದು ಚೂರು ಬಾಯಲ್ಲಿ ಉಳಿದಿರುತ್ತವೆ. ನಿದ್ದೆ ಹತ್ತಿದಂತೆ ಹಗಲೆಲ್ಲ ಹಲ್ಲುಗಳನ್ನು ತೊಳೆಯುತ್ತಿದ್ದ ಜೊಲ್ಲಿನ ಹರಿವು ತೀರಾ ಕಡಿಮೆಯಾಗುತ್ತದೆ, ನಾಲಿಗೆ ಮತ್ತು ಕೆನ್ನೆಗಳ ಅಲುಗಾಟವೂ ನಿಲ್ಲುತ್ತದೆ.

ಹಲ್ಲಿನ ಬುಡದಲ್ಲಿ ಹಗಲಿನಿಂದ ಕಟ್ಟುತ್ತ ಬಂದಿರುವ, ಕಣ್ಣಿಗೆ ಸುಲಭವಾಗಿ ಕಾಣದ ತೆಳ್ಳನೆಯ ಪದರದೊಳಗೆ ಆಗ ಕೆಲಸ ಬಿರುಸಾಗಿ ಸಾಗುತ್ತದೆ. ಅದರಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಜಾತಿಯವು, ಸಕ್ಕರೆ ಮತ್ತು ಪಿಷ್ಟವನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತವೆ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ತಟಸ್ಥ ಸ್ಥಿತಿ. ಅದು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಎಂದು ಕರೆಯಲಾಗುವ ದಂತಕವಚದಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬೀಳತೊಡಗುತ್ತವೆ.

ಹಗಲಿನಲ್ಲಾದರೆ ಸಿಹಿ ತಿಂದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು ಈ ಆಮ್ಲವನ್ನು ಶಮನಗೊಳಿಸಿ, ಕರಗಿಹೋದ ಖನಿಜದ ಒಂದಂಶವನ್ನು ಹಲ್ಲಿಗೆ ಮರಳಿ ತುಂಬುತ್ತದೆ. ರಾತ್ರಿ ಆ ರಕ್ಷಣೆ ಇರುವುದಿಲ್ಲ. ಆದ್ದರಿಂದ ದಿನಕ್ಕೆ ಒಂದೇ ಸಲ ಹಲ್ಲುಜ್ಜಲು ಬಿಡುವಿದೆ ಎನ್ನುವವರು ಆ ಒಂದು ಸಲವನ್ನು ರಾತ್ರಿಗೇ ಮೀಸಲಿಡಬೇಕು. ರೂಢಿಯಲ್ಲಿ ನಡೆಯುತ್ತಿರುವುದು ಇದಕ್ಕೆ ನೇರ ವಿರುದ್ಧವಾಗಿದೆ.

ಈ ರೂಢಿಯ ಬೆಲೆ ಸಣ್ಣದಲ್ಲ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಒಂದಲ್ಲ ಒಂದು ರೋಗದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ವರದಿಯಲ್ಲಿ ಅಂದಾಜಿಸಿದೆ. ಅವರಲ್ಲಿ ಸುಮಾರು 200 ಕೋಟಿ ಜನರಿಗೆ ಶಾಶ್ವತ ಹಲ್ಲುಗಳಲ್ಲಿ, 50 ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಲುಹಲ್ಲುಗಳಲ್ಲಿ ಹುಳುಕಿದೆ. ಬಹುಪಾಲು ತಡೆಯಬಹುದಾದ ರೋಗವೊಂದು ಇಷ್ಟು ಜನರನ್ನು ಕಾಡುತ್ತಿರುವುದು ಚಿಕಿತ್ಸೆಯ ಕೊರತೆಗಿಂತ ಹೆಚ್ಚಾಗಿ ದಿನಚರಿಯ ಕೊರತೆಯನ್ನು ತೋರಿಸುತ್ತದೆ.

ಮರೆತುಹೋದ ಎರಡನೆಯ ಹೊತ್ತು

ಕನ್ನಡ ನಾಡಿನ ಮನೆಗಳಲ್ಲಿ ಹಲ್ಲುಜ್ಜುವುದು ಬೆಳಗಿನ ಶೌಚದ ಒಂದು ಅಂಗ. ಎದ್ದು ಬಚ್ಚಲಿಗೆ ಹೋಗಿ, ಹಲ್ಲುಜ್ಜಿ, ಮುಖ ತೊಳೆದು, ದೇವರಿಗೆ ಕೈಮುಗಿದ ಮೇಲೆಯೇ ಬಾಯಿಗೆ ಏನಾದರೂ ಹಾಕಿಕೊಳ್ಳಬೇಕೆಂಬ ಕಟ್ಟಳೆ ತಲೆಮಾರುಗಳಿಂದ ನಡೆದುಬಂದಿದೆ. ಈ ಶಿಸ್ತನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದರ ಗುರಿ ಊಟಕ್ಕೆ ಮುಂಚೆ ಬಾಯಿಯನ್ನು ಶುಚಿಗೊಳಿಸುವುದಾಗಿತ್ತೇ ಹೊರತು ಊಟದ ನಂತರ ಉಳಿದುದನ್ನು ತೆಗೆಯುವುದಾಗಿರಲಿಲ್ಲ. ಊಟದ ನಂತರ ನಾಲ್ಕು ಸಲ ಬಾಯಿ ಮುಕ್ಕಳಿಸಿದರೆ ಸಾಕೆಂದೇ ಭಾವಿಸಲಾಗಿತ್ತು.

ಹಳೆಯ ವೈದ್ಯಗ್ರಂಥಗಳ ಮಾತು ಬೇರೆಯಾಗಿದೆ. ಚರಕಸಂಹಿತೆ ದಂತಧಾವನಕ್ಕೆ ದಿನದಲ್ಲಿ ಎರಡು ಹೊತ್ತನ್ನು ಗೊತ್ತುಮಾಡುತ್ತದೆ. ವಾಗ್ಭಟನ ಅಷ್ಟಾಂಗಹೃದಯ ತನ್ನ ದಿನಚರ್ಯೆಯ ಅಧ್ಯಾಯದಲ್ಲಿ ಬೆಳಗ್ಗೆ ಒಮ್ಮೆ, ಉಂಡ ಮೇಲೆ ಮತ್ತೊಮ್ಮೆ ಎಂದು ವಿಧಿಸುತ್ತದೆ. ಕಡ್ಡಿಯ ತುದಿಯನ್ನು ಜಜ್ಜಿ ಮೆದು ಮಾಡಿಕೊಳ್ಳಬೇಕು, ಉಜ್ಜುವಾಗ ವಸಡಿಗೆ ನೋವಾಗಬಾರದು ಎಂಬ ಎಚ್ಚರಿಕೆಯೂ ಎರಡೂ ಗ್ರಂಥಗಳಲ್ಲಿದೆ. ಮೆತ್ತನೆಯ ಬ್ರಷ್, ದಿನಕ್ಕೆ ಎರಡು ಹೊತ್ತು, ವಸಡಿನ ಮೇಲೆ ಒತ್ತಡವಿಲ್ಲದ ಕೈ ಎಂಬ ಇಂದಿನ ದಂತವೈದ್ಯರ ಮೂರು ಮುಖ್ಯ ಸೂಚನೆಗಳೂ ಅಲ್ಲಿ ಆಗಲೇ ಇದ್ದವೆಂಬುದು ಗಮನಾರ್ಹ. ಕಡ್ಡಿ ಹೋಗಿ ಬ್ರಷ್ ಬಂದಾಗ ಬೆಳಗಿನ ಹೊತ್ತು ಉಳಿಯಿತು, ಉಂಡ ಮೇಲಿನ ಹೊತ್ತು ರೂಢಿಗೆ ಬರಲೇ ಇಲ್ಲ.

> ಹನ್ನೆರಡು ಅಂಗುಲದ ಕಡ್ಡಿ
> ವಾಗ್ಭಟ ಹೇಳುವ ಹಲ್ಲುಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ತುದಿಯಷ್ಟು ದಪ್ಪ, ನೇರವಾದದ್ದು. ಎಕ್ಕ, ಆಲ, ಕಗ್ಗಲಿ, ಹೊಂಗೆ, ಮತ್ತಿಯಂಥ ಒಗರು, ಖಾರ, ಕಹಿ ರುಚಿಯ ಮರಗಳನ್ನು ಅವನು ಹೆಸರಿಸುತ್ತಾನೆ. ನಾಲಿಗೆ ಹೆರೆಯುವ ಪಟ್ಟಿಯನ್ನು ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆಯಂಥ ಲೋಹದಲ್ಲಿ, ಅಂಚು ಹರಿತವಿಲ್ಲದಂತೆ, ಬಾಗಿದ ಆಕಾರದಲ್ಲಿ ಮಾಡಿಸಿಕೊಳ್ಳಬೇಕೆಂದು ಚರಕ ಸೂಚಿಸುತ್ತಾನೆ. ಬಾಯಿಯ ದುರ್ವಾಸನೆಗೆ ಕಾರಣವಾಗುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ನಾಲಿಗೆಯ ಹಿಂಭಾಗದಲ್ಲಿ ನೆಲೆಸುವುದರಿಂದ ಈ ಪಟ್ಟಿಗೆ ಇಂದಿಗೂ ಬಚ್ಚಲುಮನೆಯಲ್ಲಿ ಜಾಗವಿದೆ.

ಉಜ್ಜುವುದು ಏನನ್ನು?

ಹಲ್ಲುಜ್ಜುವುದೆಂದರೆ ಹಲ್ಲನ್ನು ಬೆಳ್ಳಗೆ ಮಾಡುವುದು ಎಂಬ ತಿಳಿವಳಿಕೆ ಜಾಹೀರಾತುಗಳಿಂದ ಗಟ್ಟಿಯಾಗಿದೆ. ವಾಸ್ತವದಲ್ಲಿ ಬ್ರಷ್ ತೆಗೆಯಬೇಕಾದದ್ದು ಹಲ್ಲಿನ ಬಣ್ಣವನ್ನಲ್ಲ, ಪ್ಲಾಕ್ ಎಂದು ವೈದ್ಯರು, ಪಾಚಿ ಎಂದು ಸಾಮಾನ್ಯರು ಕರೆಯುವ ಪದರವನ್ನು. ಸ್ವಚ್ಛವಾಗಿ ಉಜ್ಜಿದ ಹಲ್ಲಿನ ಮೇಲೂ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳ ಲೇಪ ಹರಡುತ್ತದೆ. ಅದಕ್ಕೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು, ತಾವೇ ಉತ್ಪಾದಿಸುವ ಅಂಟಿನೊಳಗೆ ಪದರ ಪದರವಾಗಿ ಬೆಳೆಯುತ್ತವೆ.

ಈ ಜೀವಿಗಳನ್ನು ಮೊದಲು ಕಂಡವನು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಅವನು, ಹಾಗಿದ್ದೂ ತನ್ನ ಹಲ್ಲುಗಳ ಸಂದಿಯಲ್ಲಿ ಉಳಿಯುತ್ತಿದ್ದ ಬಿಳಿಯ ಪದಾರ್ಥವನ್ನು ತಾನೇ ತಯಾರಿಸಿದ ಮಸೂರದಡಿ ಇಟ್ಟು ನೋಡಿ, ಅದರಲ್ಲಿ ಚಲಿಸುತ್ತಿದ್ದ ಸೂಕ್ಷ್ಮಜೀವಿಗಳ ವಿವರವನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದ ಮೂಲಕ ತಿಳಿಸಿದನು.

ಅವನ ಇನ್ನೊಂದು ಗಮನಿಕೆ ಇಂದಿನ ಓದುಗರಿಗೆ ಇನ್ನೂ ಹೆಚ್ಚು ಉಪಯುಕ್ತವಾಗಿದೆ. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಪದರದ ಹೊರಮೈಯಲ್ಲಿದ್ದ ಜೀವಿಗಳಷ್ಟೇ ಸತ್ತು ಒಳಗಿನವು ಉಳಿದುಕೊಳ್ಳುತ್ತವೆಂದು ಅವನು ತೀರ್ಮಾನಿಸಿದ್ದನು. ಅಂಗಡಿಯಲ್ಲಿ ಸಿಗುವ ಮೌತ್‌ವಾಶ್ ಬ್ರಷ್‌ಗೆ ಬದಲಿಯಾಗಲಾರದು ಎಂಬುದಕ್ಕೆ ಕಾರಣವೂ ಇದೇ. ಅಂಟಿನೊಳಗೆ ಅಡಗಿರುವ ಪದರವನ್ನು ಯಾವ ದ್ರವವೂ ಪೂರ್ತಿ ತೊಳೆಯುವುದಿಲ್ಲ. ಅದನ್ನು ಎಳೆಗಳಿಂದ ಕೆದಕಿಯೇ ಬಿಡಿಸಬೇಕಾಗುತ್ತದೆ.

ಬಿಡಿಸದಿದ್ದರೆ ಏನಾಗುತ್ತದೆಂಬುದನ್ನು ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಖಚಿತಪಡಿಸಿತು. ಆರೋಗ್ಯವಾದ ವಸಡುಳ್ಳ 12 ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸಿದಾಗ, 10ರಿಂದ 21 ದಿನಗಳೊಳಗೆ ಒಬ್ಬರನ್ನೂ ಬಿಡದಂತೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜಲು ಶುರುಮಾಡಿದಾಗ ಸುಮಾರು ಒಂದು ವಾರದಲ್ಲಿ ವಸಡುಗಳು ಮೊದಲಿನಂತಾದವು.

ಹಲ್ಲುಜ್ಜುವಾಗ ರಕ್ತ ಕಂಡರೆ ಆ ಜಾಗವನ್ನು ಬ್ರಷ್‌ನಿಂದ ಮುಟ್ಟದೆ ಬಿಡುವವರು ಬಹಳ. ಲೋ ಅವರ ಪ್ರಯೋಗದ ಬೆಳಕಿನಲ್ಲಿ ನೋಡಿದರೆ, ರಕ್ತ ಒಸರುವ ಜಾಗವೇ ಹೆಚ್ಚು ನಿಗಾ ಬೇಡುವ ಜಾಗ. ಮೆದುವಾಗಿ, ಆದರೆ ತಪ್ಪದೆ ಅಲ್ಲಿ ಉಜ್ಜುತ್ತಿದ್ದರೆ ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ, ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು.

ಬಹುಕಾಲ ಉಳಿದ ಪಾಚಿ ಜೊಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಇದೇ ಕಿಟ್ಟ. ಕಿಟ್ಟವನ್ನು ಯಾವ ಬ್ರಷ್ಷೂ ತೆಗೆಯಲಾರದು, ದಂತವೈದ್ಯರು ಉಪಕರಣದಿಂದಲೇ ತೆಗೆಯಬೇಕು. ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಅಂಜಿಕೆ ನಾಡಿನೆಲ್ಲೆಡೆ ಕೇಳಿಬರುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ಕಿಟ್ಟದ ಕೆಳಗೆ ಮೂಳೆ ಮೊದಲೇ ಸವೆದಿರುತ್ತದೆ, ಸಂದಿಗಳನ್ನು ತುಂಬಿಕೊಂಡಿದ್ದ ಕಿಟ್ಟ ಹೋದಾಗ ಆ ಸವೆತ ಅರಿವಿಗೆ ಬರುತ್ತದೆ ಅಷ್ಟೆ.

ವಸಡಿನ ಅಂಚಿನಲ್ಲಿ ನಲವತ್ತೈದು ಡಿಗ್ರಿ

ಹಲ್ಲುಜ್ಜುವ ಕ್ರಮಗಳಲ್ಲಿ ವಸಡಿನ ಅಂಚಿಗೆ ಹೆಚ್ಚು ಗಮನ ಕೊಡುವ ಕ್ರಮ ಚಾರ್ಲ್ಸ್ ಬಾಸ್ ಎಂಬವರ ಹೆಸರಿನಲ್ಲಿದೆ. ಅವರು ದಂತವೈದ್ಯರಲ್ಲ; ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವಿಭಾಗದ ಡೀನ್ ಆಗಿದ್ದು, ಮಲೇರಿಯಾದಂಥ ಉಷ್ಣವಲಯದ ರೋಗಗಳ ಅಧ್ಯಯನದಲ್ಲಿ ಹೆಸರಾದವರು. ನಿವೃತ್ತಿಯ ನಂತರ ಹಲ್ಲಿನತ್ತ ತಿರುಗಿ, ರೋಗ ಶುರುವಾಗುವುದು ಹಲ್ಲಿನ ನಡುಮೈಯಲ್ಲಲ್ಲ, ಹಲ್ಲು ಮತ್ತು ವಸಡು ಸೇರುವ ಸಂದಿನಲ್ಲಿ ಎಂಬುದನ್ನು ಅವರು ಒತ್ತಿಹೇಳಿದರು.

ಈ ಕ್ರಮದಲ್ಲಿ ಮೆತ್ತನೆಯ ಎಳೆಗಳ ಸಣ್ಣ ತಲೆಯ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ, ಪೆನ್ನಿನಂತೆ ಬೆರಳುಗಳಲ್ಲಿ ಹಿಡಿಯುವುದು ಒಳ್ಳೆಯದು. ಆಗ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಎಳೆಗಳು ವಸಡಿನ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ, ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಕೂರಬೇಕು. ಅಲ್ಲಿಂದ ಬ್ರಷ್ಷನ್ನು ಎತ್ತದೆ, ಎಳೆಗಳ ತುದಿ ಸಂದಿನಲ್ಲೇ ಉಳಿಯುವಂತೆ, ಕೆಲವೇ ಮಿಲಿಮೀಟರ್ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ನಡುಗಿಸಬೇಕು. ಬಳಿಕ ಅಗಿಯುವ ಅಂಚಿನತ್ತ ಹೊರಳಿಸಿ, ಮುಂದಿನ ಎರಡು ಮೂರು ಹಲ್ಲುಗಳಿಗೆ ಸಾಗಬೇಕು.

ಹೀಗೆ ಹೊರಬದಿ, ಒಳಬದಿ, ಅಗಿಯುವ ಮೈ ಎಲ್ಲವನ್ನೂ ಮುಗಿಸಲು ಎರಡು ನಿಮಿಷವಂತೂ ಬೇಕೇ ಬೇಕು. ಬಹುತೇಕರು ಮುಂದಿನ ಹಲ್ಲುಗಳ ಹೊರಬದಿಯಿಂದ ಶುರುಮಾಡಿ ಅಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಕನ್ನಡಿಯಲ್ಲಿ ಕಾಣುವ ಆ ಭಾಗ ಹುಳುಕಿಗೆ ಸಿಗುವುದು ಕಡಿಮೆ. ಹುಳುಕು ಹೆಚ್ಚಾಗಿ ಹತ್ತುವುದು ದವಡೆ ಹಲ್ಲಿನ ಸೀಳುಗಳಲ್ಲಿ ಮತ್ತು ಎರಡು ಹಲ್ಲುಗಳ ನಡುವೆ.

ಕಿಟ್ಟ ಬೇಗ ಕಟ್ಟುವ ಜಾಗಗಳು ಎರಡಿವೆ. ಜೊಲ್ಲಿನ ನಾಳಗಳು ತೆರೆದುಕೊಳ್ಳುವುದೇ ಆ ಜಾಗಗಳ ಬಳಿ: ನಾಲಿಗೆಯಡಿಯಲ್ಲಿ, ಕೆಳಗಿನ ಬಾಚಿಹಲ್ಲುಗಳ ಒಳಬದಿಗೆ ಒಂದು, ಕೆನ್ನೆಯೊಳಗೆ, ಮೇಲಿನ ದವಡೆ ಹಲ್ಲುಗಳ ಹೊರಬದಿಗೆ ಇನ್ನೊಂದು. ಕೆಳಗಿನ ಬಾಚಿಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನ ಕಟ್ಟಕಡೆಯ ದವಡೆ ಹಲ್ಲನ್ನು ತಲುಪಲು ಬಾಯಿಯನ್ನು ಅಗಲಕ್ಕೆ ತೆರೆದರೆ ಕೆನ್ನೆ ಬಿಗಿದು ಬ್ರಷ್‌ಗೆ ಎಡೆ ಸಿಗುವುದಿಲ್ಲ. ಬಾಯಿಯನ್ನು ಅರ್ಧ ಮುಚ್ಚಿದರೆ ಕೆನ್ನೆ ಸಡಿಲಗೊಂಡು ಬ್ರಷ್ ಒಳಗೆ ಹೋಗುತ್ತದೆ.

ಗಟ್ಟಿ ಎಳೆಗಳ ಬ್ರಷ್‌ನಿಂದ ಅಡ್ಡಡ್ಡಲಾಗಿ, ಪಾತ್ರೆ ತಿಕ್ಕಿದಂತೆ ತಿಕ್ಕುವವರ ವಸಡು ವರ್ಷಗಳು ಕಳೆದಂತೆ ಹಿಂದೆ ಸರಿದು, ಹಲ್ಲಿನ ಬುಡದಲ್ಲಿ ಬೆಣೆಯಾಕಾರದ ಗೀರು ಬೀಳುತ್ತದೆ. ಅಲ್ಲಿ ದಂತಕವಚವಿಲ್ಲದ ಬೇರಿನ ಭಾಗ ತೆರೆದುಕೊಳ್ಳುವುದರಿಂದ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ಸವೆದ ದಂತಕವಚ ಮತ್ತೆ ಬೆಳೆಯುವುದಿಲ್ಲ. ಬ್ರಷ್‌ನ ಎಳೆಗಳು ಮೂರು ತಿಂಗಳಿಗೆ ಮುಂಚೆಯೇ ಕೆದರಿ ಹರಡಿಕೊಂಡರೆ ಕೈಯ ಒತ್ತಡ ಮಿತಿಮೀರಿದೆ ಎಂದೇ ಅರ್ಥ. ನಿಂಬೆ ಪಾನಕ, ಕಿತ್ತಳೆ ರಸ, ತಂಪು ಪಾನೀಯದಂಥ ಹುಳಿ ಪದಾರ್ಥಗಳನ್ನು ಸೇವಿಸಿದ ಕೂಡಲೇ ಹಲ್ಲುಜ್ಜುವುದೂ ಸಲ್ಲದು. ಆಮ್ಲದಿಂದ ಮೆದುವಾದ ಮೇಲ್ಮೈ ಗಟ್ಟಿಯಾಗಲು ಅರ್ಧ ಗಂಟೆಯಾದರೂ ಬಿಡಬೇಕು.

ಇಷ್ಟೆಲ್ಲ ಮಾಡಿದರೂ ಎರಡು ಹಲ್ಲುಗಳು ಪರಸ್ಪರ ತಾಗುವ ಸಂದಿಗೆ ಬ್ರಷ್ ಇಳಿಯುವುದಿಲ್ಲ. ಅದಕ್ಕೆ ಫ್ಲಾಸ್ ಎಂಬ ದಾರ, ಅಥವಾ ಸಂದಿ ಅಗಲವಾಗಿದ್ದರೆ ಬಾಟಲಿ ತೊಳೆಯುವ ಬ್ರಷ್‌ನ ಆಕಾರದ ಪುಟ್ಟ ಸಂದಿ ಬ್ರಷ್ ಬೇಕು. ಗುಂಡುಸೂಜಿ, ಪಿನ್ನು, ಬೆಂಕಿಕಡ್ಡಿಗಳಿಂದ ಕೆದಕುವ ಅಭ್ಯಾಸ ವಸಡನ್ನು ಗಾಯಗೊಳಿಸುತ್ತದೆಯೇ ಹೊರತು ಪಾಚಿಯನ್ನು ತೆಗೆಯುವುದಿಲ್ಲ.

> 3 ಮತ್ತು 20
> ವಿಶ್ವ ಬಾಯಿ ಆರೋಗ್ಯ ದಿನವನ್ನು ಎಫ್‌ಡಿಐ ವಿಶ್ವ ದಂತ ಒಕ್ಕೂಟ 2013ರಿಂದ ಮಾರ್ಚ್ 20ರಂದು ಆಚರಿಸುತ್ತಿದೆ. ಮಕ್ಕಳಿಗೆ 20 ಹಾಲುಹಲ್ಲು, ವಯಸ್ಕರಿಗೆ 32 ಹಲ್ಲು ಮತ್ತು ಸೊನ್ನೆ ಹುಳುಕು, ವೃದ್ಧಾಪ್ಯದಲ್ಲೂ ಕನಿಷ್ಠ 20 ಸ್ವಂತ ಹಲ್ಲು ಉಳಿದಿರಬೇಕೆಂಬ ಆಶಯ ಮೂರನೆಯ ತಿಂಗಳ 20ನೆಯ ದಿನವೆಂಬ ಈ ದಿನಾಂಕದ ಹಿಂದಿದೆ.

ಪೇಸ್ಟ್, ಪುಡಿ ಮತ್ತು ಫ್ಲೋರೈಡ್

ಪಾಚಿಯನ್ನು ಬಿಡಿಸುವುದು ಬ್ರಷ್. ಪೇಸ್ಟ್ ಮಾಡುವ ಮುಖ್ಯ ಉಪಕಾರ ಅದರಲ್ಲಿರುವ ಫ್ಲೋರೈಡ್‌ನದು. ಆಮ್ಲದಿಂದ ಖನಿಜ ಕಳೆದುಕೊಂಡ ದಂತಕವಚ ಮತ್ತೆ ಗಟ್ಟಿಯಾಗಲು ಫ್ಲೋರೈಡ್ ನೆರವಾಗುತ್ತದೆ, ಹಾಗೆ ಗಟ್ಟಿಯಾದ ಮೇಲ್ಮೈ ಮುಂದಿನ ಆಮ್ಲದಾಳಿಯನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ಭಾರತದ ನಿಯಮಗಳ ಪ್ರಕಾರ ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ ಪ್ರಮಾಣ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಸಾವಿರ ಭಾಗವನ್ನು ಮೀರುವಂತಿಲ್ಲ. ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಬೇಕು. ಕೊಳ್ಳುವವರು ಓದಬೇಕಾದದ್ದು ಆ ಸಣ್ಣ ಅಕ್ಷರಗಳನ್ನು.

ಉಜ್ಜಿದ ಮೇಲೆ ಬೊಗಸೆ ಬೊಗಸೆ ನೀರಿನಿಂದ ಬಾಯಿ ಮುಕ್ಕಳಿಸುವ ಅಭ್ಯಾಸ ಈ ಉಪಕಾರವನ್ನು ತೊಳೆದುಹಾಕುತ್ತದೆ. ನೊರೆಯನ್ನು ಚೆನ್ನಾಗಿ ಉಗಿದು ಸುಮ್ಮನಾಗಬೇಕು, ಮುಕ್ಕಳಿಸಲೇಬೇಕೆಂದರೆ ಒಂದು ಗುಟುಕು ನೀರು ಸಾಕು. ರಾತ್ರಿ ಹಾಗೆ ಬಿಟ್ಟ ಫ್ಲೋರೈಡ್ ಜೊಲ್ಲು ಕಡಿಮೆಯಿರುವ ಬಾಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಾತ್ರಿಯ ಉಜ್ಜುವಿಕೆಗೆ ಬೆಳಗಿನದಕ್ಕಿಂತ ಹೆಚ್ಚಿನ ಬೆಲೆ ಇರುವುದಕ್ಕೆ ಇದೂ ಒಂದು ಕಾರಣ.

ಇದೇ ಫ್ಲೋರೈಡ್ ಕರ್ನಾಟಕದ ಹಲವು ಊರುಗಳಲ್ಲಿ ಶಾಪವಾಗಿಯೂ ಬಂದಿದೆ. ಕೋಲಾರ, ಬಾಗೇಪಲ್ಲಿ, ಪಾವಗಡ, ಮುಂಡರಗಿ ಸೀಮೆಗಳ ಆಳದ ಕೊಳವೆಬಾವಿಗಳ ನೀರಿನಲ್ಲಿ, ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಕಂಡುಬಂದಿದೆ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಅಂಥ ನೀರನ್ನು ಕುಡಿದ ಮಕ್ಕಳ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಕಂದು ಪಟ್ಟೆಗಳು ಮೂಡುತ್ತವೆ.

ಆ ಕಲೆ ಉಜ್ಜಿ ತೆಗೆಯಬಹುದಾದ ಕೊಳೆಯಲ್ಲ. ಹಲ್ಲುಜ್ಜುವುದಿಲ್ಲವೆಂದು ಅಂಥ ಮಕ್ಕಳನ್ನು ಶಾಲೆಯಲ್ಲಿ ಗದರಿಸುವುದು ಘೋರ ಅನ್ಯಾಯ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ಬದಲಿಗೆ ಸಾಂದ್ರವಾಗುತ್ತದೆ. ಈ ಪ್ರದೇಶಗಳಲ್ಲಿ ಶುದ್ಧೀಕರಿಸಿದ ನೀರೇ ಮೊದಲ ಮದ್ದು, ಎಳೆಯ ಮಕ್ಕಳ ಪೇಸ್ಟನ್ನು ಸ್ಥಳೀಯ ದಂತವೈದ್ಯರ ಸಲಹೆಯಂತೆ ಆರಿಸಬೇಕು.

ನಂಜನಗೂಡಿನ ಹಲ್ಲುಪುಡಿ ಹಳೆ ಮೈಸೂರು ಸೀಮೆಯ ಅಸಂಖ್ಯ ಮನೆಗಳಲ್ಲಿ ಹಲ್ಲುಜ್ಜುವ ಅಭ್ಯಾಸವನ್ನೇ ಬೆಳೆಸಿತು. ಬೂದಿ, ಇದ್ದಿಲು, ಇಟ್ಟಿಗೆ ಪುಡಿಗಳ ಜಾಗದಲ್ಲಿ ಒಂದು ತಯಾರಿತ ಪುಡಿ ಬಂದದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಬೆರಳಿನಿಂದ ಉಜ್ಜುವ ಯಾವ ಪುಡಿಯೂ ವಸಡಿನ ಸಂದಿಗೆ ಇಳಿಯುವುದಿಲ್ಲ, ಪುಡಿಗಳಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಇರುವುದೂ ಇಲ್ಲ. ಇದ್ದಿಲಿನ ಪುಡಿ ಹೊಸ ಡಬ್ಬಿಯಲ್ಲಿ, ಹೊಸ ಬೆಲೆಗೆ ಮತ್ತೆ ಮಾರುಕಟ್ಟೆಗೆ ಬಂದಿರುವುದು ಕಳವಳದ ಸಂಗತಿ, ಏಕೆಂದರೆ ಅದರ ಗರಸು ಕಣಗಳು ದಂತಕವಚವನ್ನು ಸವೆಸಬಲ್ಲವು.

ಹೊಗೆಸೊಪ್ಪಿನಿಂದ ಮಾಡಿದ ಹಲ್ಲುಪುಡಿ, ಪೇಸ್ಟ್‌ಗಳನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಸುಟ್ಟ ಹೊಗೆಸೊಪ್ಪಿನ ಪುಡಿಯನ್ನು ವಸಡಿಗೆ ಉಜ್ಜುವ ಚಟ ಅಲ್ಲಲ್ಲಿ ಉಳಿದಿದೆ, ಅದು ಹಲ್ಲುಜ್ಜುವಿಕೆಯ ವೇಷದಲ್ಲಿ ಬಾಯಿಯ ಕ್ಯಾನ್ಸರಿಗೆ ಕೊಡುವ ಆಹ್ವಾನ.

ಆರನೆಯ ವರ್ಷದ ಹಲ್ಲು

ಬಿದ್ದುಹೋಗುವ ಹಲ್ಲು ತಾನೇ ಎಂದು ಹಾಲುಹಲ್ಲಿನ ಹುಳುಕನ್ನು ಕಡೆಗಣಿಸುವುದು ಸಾಮಾನ್ಯ. ಹಾಲುಹಲ್ಲು ಅಗಿಯಲು ಮಾತ್ರವಲ್ಲ, ಮುಂದೆ ಬರುವ ಹಲ್ಲಿಗೆ ಜಾಗ ಕಾದಿಡಲೂ ಬೇಕು. ಅದು ಅಕಾಲದಲ್ಲಿ ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ಜರುಗಿ ಹೊಸ ಹಲ್ಲು ವಕ್ರವಾಗಿ ಹುಟ್ಟುತ್ತದೆ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಮಗುವಿನ ಮೇಲಿನ ಬಾಚಿಹಲ್ಲುಗಳು ಎರಡು ಮೂರು ವರ್ಷದೊಳಗೆ ಕರಗಿ ಮೋಟಾಗುವುದನ್ನು ದಂತವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ.

ಇನ್ನೂ ದೊಡ್ಡ ನಷ್ಟ ಆಗುವುದು ಸುಮಾರು ಆರನೆಯ ವರ್ಷದಲ್ಲಿ. ಆಗ ಮೊದಲ ಶಾಶ್ವತ ದವಡೆ ಹಲ್ಲು ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಕಟ್ಟಕಡೆಗೆ, ಸದ್ದಿಲ್ಲದೆ ಹುಟ್ಟುತ್ತದೆ. ಹಲ್ಲೇನೂ ಬೀಳದ ಕಾರಣ ಮನೆಯವರು ಇದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಆಳವಾದ ಸೀಳುಗಳುಳ್ಳ, ಮಗುವಿನ ಬ್ರಷ್ ತಲುಪದ ಈ ಹಲ್ಲು ಹಲವರಲ್ಲಿ ಹತ್ತು ಹನ್ನೆರಡು ವರ್ಷಕ್ಕೇ ಹುಳುಕಾಗಿ ಕೀಳಿಸಿಕೊಳ್ಳುವ ಸ್ಥಿತಿಗೆ ಬರುತ್ತದೆ, ಆ ಜಾಗದಲ್ಲಿ ಮತ್ತೊಂದು ಹಲ್ಲು ಹುಟ್ಟುವುದಿಲ್ಲ.

ಆದ್ದರಿಂದ ಏಳೆಂಟು ವರ್ಷದವರೆಗೆ ಮಗು ತಾನೇ ಉಜ್ಜಿಕೊಂಡ ಮೇಲೂ ಹಿರಿಯರೊಬ್ಬರು ಅದರ ಹಿಂದೆ ನಿಂತು, ತಲೆಯನ್ನು ತಮ್ಮೆದೆಗೆ ಒರಗಿಸಿಕೊಂಡು ಮತ್ತೊಮ್ಮೆ ಉಜ್ಜಬೇಕು. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಅಲ್ಲಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಉಜ್ಜಿದ ಮೇಲೆ ನೀರಿನ ಹೊರತು ಬೇರೇನನ್ನೂ ಕೊಡಬಾರದು.

ಕೈ ಸೋತವರಿಗೆ

ಮಕ್ಕಳಂತೆಯೇ ಕೆಲವು ದೊಡ್ಡವರ ಬಾಯಿಗೂ ಹೆಚ್ಚಿನ ಆರೈಕೆ ಬೇಕು. ಮಧುಮೇಹ ಇರುವವರಲ್ಲಿ ವಸಡಿನ ರೋಗ ಬೇಗ ಉಲ್ಬಣಿಸುತ್ತದೆ. ವಸಡಿನ ಸೋಂಕು ತಿರುಗಿ ರಕ್ತದ ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಳಿತದಿಂದ ವಸಡು ಊದಿಕೊಂಡು ರಕ್ತ ಒಸರುವುದುಂಟು. ಬಾಣಂತಿಯರಿಗೆ ಹಲ್ಲುಜ್ಜಬಾರದೆಂದು ಕೆಲವೆಡೆ ಹೇಳುವ ಮಾತಿಗೆ ವೈದ್ಯಕೀಯ ಆಧಾರವಿಲ್ಲ.

ಕಟ್ಟಿಸಿದ ದಂತಪಂಕ್ತಿಯನ್ನು ರಾತ್ರಿ ತೆಗೆದು, ಬ್ರಷ್ ಮತ್ತು ಸೋಪಿನ ನೀರಿನಿಂದ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಹಾಗೆಯೇ ಧರಿಸಿ ಮಲಗಿದರೆ ಅಂಗುಳದಲ್ಲಿ ಶಿಲೀಂಧ್ರದ ಸೋಂಕು ಹತ್ತುತ್ತದೆ. ಹಲ್ಲೇ ಇಲ್ಲದ ಬಾಯಿಯ ವಸಡು, ನಾಲಿಗೆಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು.

ಲಕ್ವ ಹೊಡೆದು ಅಥವಾ ವಯಸ್ಸಾಗಿ ಹಾಸಿಗೆ ಹಿಡಿದವರ ಬಾಯಿಯನ್ನು ಮನೆಯವರು ತೊಳೆಯಲು ಮರೆಯುವುದೇ ಹೆಚ್ಚು. ಸ್ನಾನ, ಬಟ್ಟೆ, ಔಷಧಿಗಳ ಆರೈಕೆಯಲ್ಲಿ ಹಲ್ಲು ಹಿಂದೆ ಬೀಳುತ್ತದೆ. ಹಾಗೆ ಬಿಟ್ಟ ಬಾಯಲ್ಲಿ ಹೆಚ್ಚಿದ ಬ್ಯಾಕ್ಟೀರಿಯಾಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲವು. ಅವರ ತಲೆದಿಂಬನ್ನು ಎತ್ತರಿಸಿ, ಮುಖವನ್ನು ಒಂದು ಬದಿಗೆ ತಿರುಗಿಸಿ, ಗಲ್ಲದಡಿ ಒಣ ಬಟ್ಟೆ ಹಾಸಿ, ಮಗುವಿನ ಸಣ್ಣ ಬ್ರಷ್‌ಗೆ ತೀರಾ ಕಡಿಮೆ ಪೇಸ್ಟ್ ಹಚ್ಚಿ, ನೀರು ಗಂಟಲಿಗೆ ಹೋಗದಂತೆ ನಾಲ್ಕು ಹಲ್ಲುಗಳಿಗೊಮ್ಮೆ ಒರೆಸುತ್ತ, ರಾತ್ರಿ ಊಟವಾದ ಅರ್ಧ ಗಂಟೆಯ ಮೇಲೆ ಉಜ್ಜಬೇಕು.